ಮಗು ಹೇಗಿದೆ ಎಂಬ ಪ್ರಶ್ನೆಗೆ ಶಾಲೆಯ ಉತ್ತರ

ಏಪ್ರಿಲ್ ಎರಡನೇ ವಾರದ ಹೊತ್ತಿಗೆ ಕರ್ನಾಟಕದ ಪ್ರಾಥಮಿಕ ಶಾಲೆಗಳಲ್ಲಿ ಫಲಿತಾಂಶ ಹೇಳುವ ದಿನ ಬರುತ್ತದೆ. ಅರ್ಧ ದಿನದ ಕೂಲಿ ಬಿಟ್ಟು ಬಂದ ತಾಯಿ ತರಗತಿಯ ಬಾಗಿಲಲ್ಲೇ ನಿಂತು “ನಮ್ ಹುಡುಗ ಪಾಸಾ ಸಾರ್?” ಎಂದು ಕೇಳುತ್ತಾರೆ. “ಪಾಸು ಕಣಮ್ಮ, ಇನ್ನು ನಾಲ್ಕನೇ ಕ್ಲಾಸು” ಎನ್ನುತ್ತಾರೆ ಮೇಷ್ಟ್ರು. ತಾಯಿ ಸಹಿ ಹಾಕಿ, ಇಲ್ಲವೇ ಹೆಬ್ಬೆಟ್ಟು ಒತ್ತಿ, ಮಗನ ಕೈಹಿಡಿದು ಹೊರಡುತ್ತಾರೆ. ಇಡೀ ವರ್ಷದ ಕಲಿಕೆಯ ಬಗ್ಗೆ ಶಾಲೆಗೂ ಮನೆಗೂ ನಡುವೆ ನಡೆಯುವ ಮಾತುಕತೆ ಬಹಳ ಊರುಗಳಲ್ಲಿ ಇಷ್ಟಕ್ಕೇ ಮುಗಿಯುತ್ತದೆ.

ಆ ತಾಯಿಗೆ ಸಿಕ್ಕ ಉತ್ತರದಲ್ಲಿ ತಿಳಿಯುವಂಥದ್ದು ಏನೂ ಇಲ್ಲ ಎಂಬುದನ್ನು ಗಮನಿಸಬೇಕು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯು ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಅದೇ ತರಗತಿಯಲ್ಲಿ ಉಳಿಸಿಕೊಳ್ಳಬಾರದೆಂದು ಹೇಳಿತ್ತು. 2019ರ ತಿದ್ದುಪಡಿ 5 ಮತ್ತು 8ನೇ ತರಗತಿಗಳ ವಿಷಯದಲ್ಲಿ ರಾಜ್ಯಗಳಿಗೆ ಆಯ್ಕೆ ಕೊಟ್ಟಿತಾದರೂ, ಮೂರನೇ ತರಗತಿಯ ಹುಡುಗ ಪಾಸಾಗುವುದು ಮೊದಲೇ ಗೊತ್ತಿರುವ ಸಂಗತಿ. ಹಾಗಾಗಿ ‘ಪಾಸು’ ಎಂಬ ಮಾತಿನಿಂದ ಆ ಹುಡುಗ ಪುಟ ತಿರುವಿ ಕಥೆಯೊಂದನ್ನು ತಾನೇ ಓದಿಕೊಳ್ಳಬಲ್ಲನೋ, ದಶಕ ತೆಗೆದುಕೊಂಡು ಕಳೆಯುವ ಲೆಕ್ಕ ಬರುತ್ತದೆಯೋ, ತರಗತಿಯಲ್ಲಿ ಅವನಿಗೆ ಸ್ನೇಹಿತರಿದ್ದಾರೋ, ಅವನು ಮಧ್ಯಾಹ್ನ ಹೊಟ್ಟೆತುಂಬ ಉಣ್ಣುತ್ತಾನೋ ಎಂಬ ಯಾವ ಪ್ರಶ್ನೆಗೂ ಉತ್ತರ ಸಿಗುವುದಿಲ್ಲ. ಅನುತ್ತೀರ್ಣತೆಯ ಭಯವನ್ನು ತೆಗೆದುಹಾಕಿದ್ದು ಸರಿಯಾಗಿಯೇ ಇತ್ತು ಎಂಬುದು ನನ್ನ ಅಭಿಪ್ರಾಯ. ಆದರೆ ಪಾಸು-ಫೇಲು ಎಂಬ ಎರಡೇ ಪದಗಳ ಹಳೆಯ ಭಾಷೆಯನ್ನು ತೆಗೆದ ಮೇಲೆ ಅದರ ಜಾಗಕ್ಕೆ ಪೋಷಕರಿಗೆ ಅರ್ಥವಾಗುವ ಹೊಸ ಭಾಷೆಯೊಂದು ಬರಬೇಕಿತ್ತು, ಅದು ಬರಲಿಲ್ಲ.

ಕಾಯ್ದೆ ಈ ವಿಷಯದಲ್ಲಿ ಮೌನವಾಗಿಲ್ಲ. ಅದರ 24ನೇ ಸೆಕ್ಷನ್ನು ಶಿಕ್ಷಕರ ಕರ್ತವ್ಯಗಳನ್ನು ಹೇಳುತ್ತದೆ. ಸಮಯಕ್ಕೆ ಸರಿಯಾಗಿ ಶಾಲೆಗೆ ಬರುವುದು, ಪಠ್ಯವನ್ನು ನಿಗದಿತ ಅವಧಿಯಲ್ಲಿ ಮುಗಿಸುವುದು ಇತ್ಯಾದಿಗಳ ಸಾಲಿನಲ್ಲೇ, ಪೋಷಕರೊಂದಿಗೆ ನಿಯತವಾಗಿ ಸಭೆ ನಡೆಸಿ ಮಗುವಿನ ಹಾಜರಾತಿ, ಕಲಿಯುವ ಸಾಮರ್ಥ್ಯ, ಕಲಿಕೆಯಲ್ಲಿ ಆದ ಪ್ರಗತಿ ಹಾಗೂ ಮಗುವಿಗೆ ಸಂಬಂಧಿಸಿದ ಇತರ ಸಂಗತಿಗಳನ್ನು ತಿಳಿಸಬೇಕೆಂಬುದೂ ಒಂದು ಕರ್ತವ್ಯವಾಗಿದೆ. ಕರ್ತವ್ಯ ತಪ್ಪಿದರೆ ಶಿಸ್ತುಕ್ರಮಕ್ಕೂ ಅಲ್ಲಿ ಅವಕಾಶವಿದೆ. ಪೋಷಕರಿಗೆ ಮಾಹಿತಿ ಕೊಡುವುದು ಶಾಲೆಯ ಸೌಜನ್ಯವೆಂದು ನಾವು ತಿಳಿದಿದ್ದೇವೆ. ಕಾಯ್ದೆಯ ಪ್ರಕಾರ ಅದು ಪಾಠ ಮಾಡುವಷ್ಟೇ ಕಡ್ಡಾಯವಾದ ಕೆಲಸ. ಪಾಠ ಮುಗಿಯದಿದ್ದರೆ ಮೇಲಧಿಕಾರಿಗಳು ವಿಚಾರಿಸುತ್ತಾರೆ, ಪೋಷಕರಿಗೆ ಏನನ್ನೂ ತಿಳಿಸದಿದ್ದರೆ ವಿಚಾರಿಸಿದವರನ್ನು ನಾನಂತೂ ಕಂಡಿಲ್ಲ.

ಹಾಗೆಂದು ಶಾಲೆಗಳಲ್ಲಿ ದಾಖಲೆಯೇ ಇಲ್ಲವೆಂದು ಯಾರೂ ಭಾವಿಸಬಾರದು. ದಾಖಲೆ ಬೇಕಾದಷ್ಟಿದೆ. ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಪದ್ಧತಿಯಡಿ ವರ್ಷಕ್ಕೆ ಕಲಿಕೆಯ ನಡುನಡುವೆ ನಾಲ್ಕು ರೂಪಣಾತ್ಮಕ ಮತ್ತು ಅರ್ಧವರ್ಷದ ಕೊನೆಗೊಂದರಂತೆ ಎರಡು ಸಂಕಲನಾತ್ಮಕ ಮೌಲ್ಯಮಾಪನಗಳು ನಡೆಯುತ್ತವೆ. ಎ ಪ್ಲಸ್‌ನಿಂದ ಸಿ ವರೆಗೆ ಶ್ರೇಣಿಗಳಿವೆ, ಮಗುವಿನ ಚಿತ್ರ, ಬರಹ, ಚಟುವಟಿಕೆಗಳನ್ನು ಸೇರಿಸಿಡುವ ಕೃತಿ ಸಂಪುಟವಿದೆ. ಪಠ್ಯ ವಿಷಯಗಳ ಜೊತೆಗೆ ಮಗುವಿನ ಸ್ವಭಾವ, ಆಸಕ್ತಿ, ಸಾಮಾಜಿಕ ಕೌಶಲಗಳನ್ನು ಗುರುತಿಸುವ ‘ಭಾಗ ಬಿ’ ಎಂಬುದೊಂದು ಪ್ರತ್ಯೇಕವಾಗಿಯೇ ಇದೆ. ಇವೆಲ್ಲವೂ ಶಿಕ್ಷಕರ ವಹಿಯಲ್ಲಿ ತುಂಬುತ್ತವೆ, ಅಲ್ಲಿಂದ ವಿದ್ಯಾರ್ಥಿ ಸಾಧನೆಯ ಜಾಡು ಹಿಡಿಯಲೆಂದೇ ಇಲಾಖೆ ಮಾಡಿಕೊಂಡಿರುವ ಎಸ್‌ಎಟಿಎಸ್ ತಂತ್ರಾಂಶಕ್ಕೆ ಏರುತ್ತವೆ. ಬಿಸಿಯೂಟ ಉಂಡ ಮಕ್ಕಳ ಲೆಕ್ಕ ದಿನದಿನವೂ ಮೇಲಕ್ಕೆ ಹೋಗುತ್ತದೆ. ಹತ್ತಿರದ ಶಾಲೆಗಳ ಗುಂಪನ್ನು ನೋಡಿಕೊಳ್ಳುವ ಸಮೂಹ ಸಂಪನ್ಮೂಲ ವ್ಯಕ್ತಿಗಳು ಬಂದು ವಹಿ ನೋಡಿ ಷರಾ ಬರೆಯುತ್ತಾರೆ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿ ಶೇಕಡಾವಾರು ಕೇಳುತ್ತದೆ. ಒಂದು ಮಗುವಿನ ಬಗ್ಗೆ ಇಷ್ಟೆಲ್ಲ ತಿಳಿದಿರುವ ವ್ಯವಸ್ಥೆಯಿಂದ ಶಾಲೆಗೆ ಇನ್ನೂರು ಗಜ ದೂರದಲ್ಲಿರುವ ಅದೇ ಮಗುವಿನ ಮನೆಗೆ ತಲುಪುವುದು ಎರಡು ಮಡಿಕೆಯ ಒಂದು ಪ್ರಗತಿ ಪತ್ರ ಮತ್ತು ಅದರೊಳಗಿನ ಒಂದಷ್ಟು ಇಂಗ್ಲಿಷ್ ಅಕ್ಷರಗಳು ಮಾತ್ರ. ನಮ್ಮ ಪ್ರಾಥಮಿಕ ಶಿಕ್ಷಣದಲ್ಲಿ ಮಾಹಿತಿಗೆ ಮೇಲ್ಮುಖವಾಗಿ ಹರಿಯುವುದು ಗೊತ್ತು, ಪಕ್ಕದ ಬೀದಿಗೆ ಹರಿಯುವುದು ಗೊತ್ತಿಲ್ಲ. ಈ ಲೇಖನದ ವಾದವೆಲ್ಲ ಈ ಒಂದು ಸಂಗತಿಯ ಸುತ್ತಲೇ ಇದೆ.

ಶ್ರೇಣಿಯ ವಿಷಯವನ್ನೇ ಸ್ವಲ್ಪ ನಿಧಾನವಾಗಿ ನೋಡೋಣ. ಗಣಿತದಲ್ಲಿ ‘ಬಿ ಪ್ಲಸ್’ ಎಂದರೆ ನೂರಕ್ಕೆ ಐವತ್ತೋ ಅರವತ್ತೋ ಬಂದಿದೆ ಎಂದು ಓದುಬಲ್ಲ ಪೋಷಕರು ಊಹಿಸಬಹುದು. ಆದರೆ ಯಾವುದು ಬರುತ್ತದೆ, ಯಾವುದು ಬರುವುದಿಲ್ಲ ಎಂಬುದು ಅದರಲ್ಲಿ ಕಾಣುವುದಿಲ್ಲ. ಇದೇ ಸಂಗತಿಯನ್ನು “ಎರಡಂಕಿಯ ಸಂಖ್ಯೆಗಳನ್ನು ಕೂಡುತ್ತಾಳೆ, ದಶಕ ತೆಗೆದುಕೊಂಡು ಕಳೆಯುವಾಗ ತಪ್ಪುತ್ತಾಳೆ, ಅಂಗಡಿಗೆ ಕಳಿಸಿ ಚಿಲ್ಲರೆ ಎಣಿಸಿಸಿ” ಎಂದು ಬರೆದರೆ ಅಕ್ಷರ ಬಾರದ ಅಜ್ಜಿಗೂ ಅದು ತಿಳಿಯುತ್ತದೆ, ಯಾರಾದರೂ ಓದಿ ಹೇಳಿದರೆ ಸಾಕು. ಗ್ರಾಮೀಣ ಮಕ್ಕಳ ಓದು-ಲೆಕ್ಕಗಳನ್ನು ಮನೆಮನೆಗೆ ಹೋಗಿ ಅಳೆಯುವ ಅಸರ್ ಸಮೀಕ್ಷೆಯ 2024ರ ವರದಿಯ ಪ್ರಕಾರ, ಇಡೀ ದೇಶದಲ್ಲಿ ಮೂರನೇ ತರಗತಿಯ ಮಕ್ಕಳಲ್ಲಿ ಶೇ 27.1ರಷ್ಟು ಮಂದಿಗೆ ಮಾತ್ರ ಎರಡನೇ ತರಗತಿಯ ಪಠ್ಯವನ್ನು ಓದಲು ಬರುತ್ತದೆ. ಐದನೇ ತರಗತಿಯಲ್ಲಿ ಈ ಪ್ರಮಾಣ ಶೇ 48.8. ಅಂದರೆ ಐದನೇ ತರಗತಿಗೆ ಬಂದರೂ ಅರ್ಧಕ್ಕಿಂತ ಹೆಚ್ಚು ಮಕ್ಕಳು ಆ ಪುಟವನ್ನು ಓದಲಾರರು. ಈ ಮಕ್ಕಳ ಪೋಷಕರಲ್ಲಿ ಎಷ್ಟು ಮಂದಿಗೆ ತಮ್ಮ ಮಗುವೂ ಅವರಲ್ಲೊಬ್ಬ ಎಂಬುದು ಗೊತ್ತಿದೆ? ಅಸರ್‌ನ ಸ್ವಯಂಸೇವಕರು ಮಗುವಿನ ಮುಂದೆ ಒಂದು ಹಾಳೆ ಹಿಡಿದು ಓದಿಸುವಾಗ ಸುತ್ತ ನೆರೆದ ಮನೆಯವರಿಗೆ ಕಾಣುವ ಸತ್ಯ, ವರ್ಷಗಟ್ಟಲೆ ಸಹಿ ಹಾಕಿದ ಪ್ರಗತಿ ಪತ್ರಗಳಲ್ಲಿ ಕಂಡಿರುವುದಿಲ್ಲ.

ಮನೆಗೆ ಏನು ತಿಳಿಸಬೇಕು ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೂ ಏರಿ ಬಂದಿದೆ. 5, 8 ಮತ್ತು 9ನೇ ತರಗತಿಗಳಿಗೆ ರಾಜ್ಯಮಟ್ಟದ ಮೌಲ್ಯಾಂಕನ ಪರೀಕ್ಷೆ ನಡೆಸುವ ಸರ್ಕಾರದ ತೀರ್ಮಾನವನ್ನು ಖಾಸಗಿ ಶಾಲೆಗಳ ಸಂಘಟನೆಗಳು ಪ್ರಶ್ನಿಸಿದವು. 2024ರ ಮಾರ್ಚ್‌ನಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಆ ತೀರ್ಮಾನವನ್ನು ರದ್ದುಪಡಿಸಿತು, ಮರುದಿನವೇ ವಿಭಾಗೀಯ ಪೀಠ ಅದಕ್ಕೆ ತಡೆ ನೀಡಿತು, ಮಾರ್ಚ್ 11ಕ್ಕೆ ಪರೀಕ್ಷೆ ಆರಂಭವಾಯಿತು, ಮರುದಿನ ಸುಪ್ರೀಂ ಕೋರ್ಟು ಮಧ್ಯಪ್ರವೇಶಿಸಿ ಪರೀಕ್ಷೆ ನಡುವೆಯೇ ನಿಂತಿತು, ಮತ್ತೆ ಮುಂದುವರಿಯಿತು. ಕೊನೆಗೆ ಏಪ್ರಿಲ್ 8ರಂದು ಸುಪ್ರೀಂ ಕೋರ್ಟು ಫಲಿತಾಂಶವನ್ನು ತಡೆಹಿಡಿದು, ಅದನ್ನು ಪೋಷಕರಿಗೆ ತಿಳಿಸಕೂಡದೆಂದೂ ಹೇಳಿತು. ಹತ್ತು ವರ್ಷದ ಮಗುವೊಂದು ಪರೀಕ್ಷೆ ಬರೆದು, ಅದರ ಫಲಿತಾಂಶವನ್ನು ಹೆತ್ತವರಿಗೆ ಹೇಳುವುದು ನ್ಯಾಯಾಲಯದ ಆದೇಶಕ್ಕೆ ವಿರುದ್ಧವಾಗುವಂಥ ಪರಿಸ್ಥಿತಿ ಬಂದದ್ದು ವಿಚಿತ್ರ. ಪರೀಕ್ಷೆ ಬೇಕೋ ಬೇಡವೋ ಎಂಬ ವಾದದಲ್ಲಿ ಎರಡೂ ಕಡೆಯವರು ಎರಡು ವರ್ಷ ಕಳೆದರು. ಪೋಷಕರಿಗೆ ಬೇಕಾದದ್ದು ರಾಜ್ಯಮಟ್ಟದ ಪ್ರಶ್ನೆಪತ್ರಿಕೆಯೇ ಅಥವಾ ತಮ್ಮ ಮಗುವನ್ನು ದಿನವೂ ನೋಡುವ ಶಿಕ್ಷಕರ ಒಂದು ಸ್ಪಷ್ಟ ಮಾತೇ ಎಂದು ಆ ಗದ್ದಲದಲ್ಲಿ ಯಾರೂ ಕೇಳಿದಂತಿಲ್ಲ.

ಮನೆಯವರಿಗೆ ಕಲಿಕೆಯನ್ನು ಕಾಣಿಸುವ ವಿದ್ಯೆ ಕರ್ನಾಟಕಕ್ಕೆ ಹೊಸತಲ್ಲ ಎಂಬುದೇ ಇದರಲ್ಲಿ ಬೇಸರದ ಸಂಗತಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಮೊಳೆತ ನಲಿಕಲಿ ಎಂಬ ಚಟುವಟಿಕೆಯ ಮೂಲಕ ಕಲಿಸುವ ಪದ್ಧತಿ, ಮುಂದೆ 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು ಮತ್ತು ಎರಡನೇ ತರಗತಿಗಳಿಗೆ ವ್ಯಾಪಿಸಿತು. ಅದರ ಕೋಣೆಯೊಳಗೆ ಹೋದರೆ ಪ್ರಗತಿ ಗೋಡೆಯ ಮೇಲೆಯೇ ಇರುತ್ತದೆ. ಕಲಿಕೆಯನ್ನು ಏಣಿಯಂತೆ ಕಲ್ಪಿಸಿ, ಮೈಲಿಗಲ್ಲುಗಳಾಗಿ ಒಡೆದು, ಪ್ರತಿ ಮಗು ಈಗ ಯಾವ ಮೆಟ್ಟಿಲಲ್ಲಿದೆ ಎಂಬುದನ್ನು ಪ್ರಗತಿ ನೋಟದಲ್ಲಿ ಗುರುತು ಹಾಕುತ್ತಾರೆ. ಶಿಕ್ಷಕರ ಪೂರ್ಣ ನೆರವಿನ ತಟ್ಟೆಯಿಂದ ಸ್ವಕಲಿಕೆಯ ತಟ್ಟೆಯವರೆಗೆ, ತಟ್ಟೆಗಳೆಂದು ಕರೆಯುವ ಐದು ಗುಂಪುಗಳಲ್ಲಿ ಮಗು ಎಲ್ಲಿ ಕೂತಿದೆ ಎಂಬುದನ್ನು ನೋಡಿದರೇ ಅದರ ಸ್ಥಿತಿ ಅರ್ಧ ತಿಳಿಯುತ್ತದೆ. ತಲೆಯ ಮೇಲೆ ದಾರ ಕಟ್ಟಿ ಮಕ್ಕಳ ಚಿತ್ರ, ಬರಹಗಳನ್ನು ತೂಗುಹಾಕಿದ ಕಲಿಕಾ ಚಪ್ಪರವಿರುತ್ತದೆ. ಅಕ್ಷರ ಬಾರದ ತಂದೆಯೂ ಆ ಚಪ್ಪರದ ಕೆಳಗೆ ನಿಂತು ಜೂನ್ ತಿಂಗಳ ಗೀಚು ಗೆರೆಗೂ ನವೆಂಬರಿನ ದುಂಡಕ್ಷರಕ್ಕೂ ಇರುವ ವ್ಯತ್ಯಾಸವನ್ನು ಕಾಣಬಲ್ಲ. ನಲಿಕಲಿಯ ಬೋಧನೆಯ ಬಗ್ಗೆ ಶಿಕ್ಷಕರಲ್ಲೇ ತಕರಾರುಗಳಿವೆ, ಕಲಿಕಾ ಕಾರ್ಡುಗಳ ನಿರ್ವಹಣೆಯೇ ಹೊರೆ ಎನ್ನುವವರಿದ್ದಾರೆ, ಆ ಚರ್ಚೆ ಬೇರೆ. ಪ್ರಗತಿಯನ್ನು ಕಣ್ಣಿಗೆ ಕಾಣಿಸುವ ವಿಷಯದಲ್ಲಿ ಮಾತ್ರ ಅದಕ್ಕಿಂತ ಉತ್ತಮವಾದುದನ್ನು ನಮ್ಮ ಶಾಲೆಗಳು ಆಮೇಲೆ ಕಂಡುಕೊಂಡಿಲ್ಲ.

ಸಮುದಾಯದತ್ತ ಶಾಲೆ ಎಂಬ ಕಾರ್ಯಕ್ರಮದ ಆಶಯವೂ ಇದೇ ಆಗಿತ್ತು. ಪೋಷಕರನ್ನು ಕರೆದು ಉತ್ತರ ಪತ್ರಿಕೆಗಳನ್ನು ಅವರ ಕೈಗೆ ಕೊಟ್ಟು, ಮಕ್ಕಳಿಂದ ಅವರ ಮುಂದೆಯೇ ಓದಿಸಿ, ಲೆಕ್ಕ ಮಾಡಿಸಿ, ಕಲಿಕೆಯನ್ನು ಊರಿನ ಸಮಕ್ಷಮದಲ್ಲಿ ಇಡುವುದು ಅದರ ಉದ್ದೇಶ. ಅದಕ್ಕೂ ಮುಂಚೆ, ರಾಜಾ ರಾಮಣ್ಣ ಅವರ ನೇತೃತ್ವದ ಶಿಕ್ಷಣ ಕಾರ್ಯಪಡೆಯ ಶಿಫಾರಸಿನಂತೆ 2001ರ ಏಪ್ರಿಲ್‌ನಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು, ಅಂದರೆ ಎಸ್‌ಡಿಎಂಸಿಗಳು, ರಚನೆಯಾದವು. ಶಿಕ್ಷಣ ಹಕ್ಕು ಕಾಯ್ದೆ ಬಂದು ಶಾಲಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಆಗಿರಬೇಕು, ಒಟ್ಟಿನಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎಂದು ಹೇಳುವ ಒಂಬತ್ತು ವರ್ಷ ಮೊದಲೇ ಕರ್ನಾಟಕದಲ್ಲಿ ಪೋಷಕರ ಸಮಿತಿ ಇತ್ತು. ಆದರೆ ಈ ಸಮಿತಿಗಳ ಸಭೆಯ ನಡಾವಳಿ ಪುಸ್ತಕ ತೆರೆದು ನೋಡಿದರೆ ಕಾಂಪೌಂಡು, ಶೌಚಾಲಯದ ನೀರು, ಕೊಠಡಿಯ ಹೆಂಚು, ಸ್ವಾತಂತ್ರ್ಯ ದಿನಾಚರಣೆಯ ಸಿಹಿ, ಇವುಗಳ ಬಗ್ಗೆಯೇ ಹೆಚ್ಚು ನಿರ್ಣಯಗಳಿರುತ್ತವೆ. ಇವು ಬೇಡವಾದ ಸಂಗತಿಗಳಲ್ಲ, ಮಳೆಗಾಲದಲ್ಲಿ ಸೋರುವ ಕೊಠಡಿಯಲ್ಲಿ ಕೂತ ಮಗುವಿನ ಕ್ಷೇಮ ಹೆಂಚಿನಿಂದಲೇ ಶುರುವಾಗುತ್ತದೆ. ಆದರೆ ನಾಲ್ಕನೇ ತರಗತಿಯಲ್ಲಿ ಎಷ್ಟು ಮಕ್ಕಳಿಗೆ ಓದಲು ಬರುತ್ತದೆ ಎಂಬ ಪ್ರಶ್ನೆ ಅದೇ ಪುಸ್ತಕದಲ್ಲಿ ಒಮ್ಮೆಯೂ ದಾಖಲಾಗದಿರುವುದು ಸರಿಯಲ್ಲ. ಅನುದಾನರಹಿತ ಖಾಸಗಿ ಶಾಲೆಗಳಿಗಂತೂ ಇಂಥ ಸಮಿತಿಯ ನಿಯಮವೇ ಅನ್ವಯಿಸುವುದಿಲ್ಲ.

ಖಾಸಗಿ ಶಾಲೆಯ ಪೋಷಕರಿಗೆ ಮಾಹಿತಿಯ ಕೊರತೆಯಿಲ್ಲ ಎಂದು ಮೇಲ್ನೋಟಕ್ಕೆ ಅನ್ನಿಸಬಹುದು. ಡೈರಿ ಇದೆ, ಆ್ಯಪ್ ಇದೆ, ತರಗತಿಗೊಂದು ವಾಟ್ಸ್‌ಆ್ಯಪ್ ಗುಂಪಿದೆ, ಬೆಳಿಗ್ಗೆಯಿಂದ ರಾತ್ರಿಯವರೆಗೆ ಸಂದೇಶಗಳು ಬೀಳುತ್ತಲೇ ಇರುತ್ತವೆ. ಅವುಗಳನ್ನು ಒಂದು ವಾರ ಎಣಿಸಿ ನೋಡಿದರೆ ಶುಲ್ಕದ ಕಂತು, ಬಣ್ಣದ ಉಡುಪಿನ ದಿನ, ಹೋಂವರ್ಕಿನ ಪುಟಸಂಖ್ಯೆ, ಬಸ್ಸು ತಡವಾದ ಸುದ್ದಿ, ಹುಟ್ಟುಹಬ್ಬದ ಶುಭಾಶಯಗಳನ್ನು ಬಿಟ್ಟು ಮಗುವಿನ ಬಗ್ಗೆ ಒಂದು ಸಾಲೂ ಸಿಗುವುದು ಕಷ್ಟ. ಅದೂ ಇಂಗ್ಲಿಷಿನಲ್ಲಿ. ಕಡಿಮೆ ಶುಲ್ಕದ ಇಂಗ್ಲಿಷ್ ಮಾಧ್ಯಮ ಶಾಲೆಗಳಿಗೆ ಮಕ್ಕಳನ್ನು ಕಳಿಸುವ ಬಹಳಷ್ಟು ತಂದೆತಾಯಿಯರು ಕನ್ನಡವನ್ನು ಮಾತ್ರ ಓದಬಲ್ಲವರು. ಅವರ ಮನೆಯಲ್ಲಿ ಶಾಲೆಯ ಸಂದೇಶವನ್ನು ಬಿಡಿಸಿ ಹೇಳುವ ದುಭಾಷಿ ಆ ಮಗುವೇ. ತನ್ನ ಮೇಲೆ ಮಿಸ್ ಬರೆದ ದೂರನ್ನು ಅಮ್ಮನಿಗೆ ತರ್ಜುಮೆ ಮಾಡಿ ಹೇಳುವ ಎಂಟು ವರ್ಷದ ಹುಡುಗ ಎಷ್ಟು ಪ್ರಾಮಾಣಿಕನಾಗಿರಬೇಕೆಂದು ನಿರೀಕ್ಷಿಸುವುದು? 2019-20ರಿಂದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ಆರಂಭವಾದ ಮೇಲೆ ಈ ಸಮಸ್ಯೆ ಸರ್ಕಾರಿ ಅಂಗಳಕ್ಕೂ ಕಾಲಿಟ್ಟಿದೆ. ಕಲಿಸುವ ಮಾಧ್ಯಮ ಯಾವುದೇ ಇರಲಿ, ಮನೆಗೆ ಹೋಗುವ ಮಾತು ಮನೆಯ ಭಾಷೆಯಲ್ಲಿರಬೇಕು. ಕಲಬುರಗಿಯಲ್ಲಿ ಅದು ಉರ್ದು ಆಗಬಹುದು, ಬೆಳಗಾವಿಯಲ್ಲಿ ಮರಾಠಿ, ಕೋಲಾರದಲ್ಲಿ ತೆಲುಗು ಆಗಬಹುದು.

ಬರಹವನ್ನೇ ನೆಚ್ಚಿಕೊಂಡರೂ ಆಗುವುದಿಲ್ಲ. 2011ರ ಜನಗಣತಿಯಲ್ಲಿ ರಾಜ್ಯದ ಮಹಿಳಾ ಸಾಕ್ಷರತೆ ಶೇ 68ರ ಆಸುಪಾಸಿನಲ್ಲಿತ್ತು, ಯಾದಗಿರಿ ಜಿಲ್ಲೆಯಲ್ಲಿ ಗಂಡು-ಹೆಣ್ಣು ಸೇರಿಯೇ ಶೇ 52ರಷ್ಟಿತ್ತು. ಆ ಜಿಲ್ಲೆಯ ಎಷ್ಟೋ ಮಕ್ಕಳ ತಂದೆತಾಯಿ ವರ್ಷದಲ್ಲಿ ಕೆಲವು ತಿಂಗಳು ಬೆಂಗಳೂರಿನ ಕಟ್ಟಡಗಳಲ್ಲಿ ದುಡಿಯುತ್ತಿರುತ್ತಾರೆ, ಊರಲ್ಲಿ ಮಗು ಅಜ್ಜಿಯ ಜೊತೆ ಇರುತ್ತದೆ. ಆ ಅಜ್ಜಿಗೆ ಪ್ರಗತಿ ಪತ್ರ ಕೊಟ್ಟು ಸಹಿ ಹಾಕಿಸಿಕೊಂಡರೆ ಯಾರಿಗೆ ಏನು ತಿಳಿಸಿದಂತಾಯಿತು? ಇದೇ ಕುಟುಂಬಗಳಲ್ಲಿ ಮೊಬೈಲ್ ಇದೆ, ಧ್ವನಿ ಸಂದೇಶ ಕೇಳುವುದು ಎಲ್ಲರಿಗೂ ಬರುತ್ತದೆ. “ಯಲ್ಲಪ್ಪಣ್ಣಾ, ನಿಮ್ಮ ಮಗಳು ಈ ವಾರ ಒತ್ತಕ್ಷರ ಓದಾಕ ಶುರು ಮಾಡ್ಯಾಳ, ರಾತ್ರಿ ಫೋನ್ ಮಾಡಿದಾಗ ಒಂದು ಕಥಿ ಓದಿಸಿ ಕೇಳ್ರಿ” ಎಂಬ ಅರ್ಧ ನಿಮಿಷದ ಮಾತು ಮಾರತ್ತಹಳ್ಳಿಯ ಶೆಡ್ಡಿಗೆ ತಲುಪಬಲ್ಲದು. ಕೋವಿಡ್ ಕಾಲದಲ್ಲಿ ಒಂದರಿಂದ ಐದನೇ ತರಗತಿಯ ಮಕ್ಕಳಿಗೆ 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಆ ನಡುವೆ ವಿದ್ಯಾಗಮದ ಹೆಸರಿನಲ್ಲಿ ಶಿಕ್ಷಕರು ದೇವಸ್ಥಾನದ ಕಟ್ಟೆ, ಮರದ ನೆರಳು, ಮನೆಯ ಜಗಲಿಗಳಲ್ಲಿ ಮಕ್ಕಳನ್ನು ಕೂರಿಸಿಕೊಂಡು ಪಾಠ ಮಾಡಿದರು. ಸೋಂಕಿನ ಭೀತಿಯಿಂದ ಅದನ್ನು ಕೆಲವೇ ತಿಂಗಳಲ್ಲಿ ನಿಲ್ಲಿಸಬೇಕಾಯಿತು. ಆ ದಿನಗಳಲ್ಲಿ ಶಿಕ್ಷಕರಿಗೆ ಮಕ್ಕಳ ಮನೆಗಳ ಒಳಗು ಕಂಡಿತು, ಮನೆಯವರಿಗೆ ಪಾಠದ ಒಳಗು ಕಂಡಿತು. ಶಾಲೆ ಬಾಗಿಲು ತೆರೆದ ಮೇಲೆ ಆ ಪರಿಚಯವನ್ನು ಮುಂದುವರಿಸುವ ದಾರಿಯನ್ನು ಯಾರೂ ಯೋಚಿಸಲಿಲ್ಲ. ಆ ಕಾಲದ ಕಲಿಕಾ ನಷ್ಟವನ್ನು ತುಂಬಲು ಬಂದ 2022-23ರ ಕಲಿಕಾ ಚೇತರಿಕೆ ಕಾರ್ಯಕ್ರಮ ಅಭ್ಯಾಸದ ಹಾಳೆಗಳನ್ನು ತಂದಿತು, ಜಗಲಿಯನ್ನು ಮರೆಯಿತು.

ಇನ್ನು ಕ್ಷೇಮದ ವಿಷಯ. ಮಗುವಿನ ದೇಹದ ಬಗ್ಗೆ ನಮ್ಮ ಸರ್ಕಾರಿ ಶಾಲೆಗಳು ಮಾಡುತ್ತಿರುವ ಕೆಲಸ ಸಣ್ಣದಲ್ಲ. 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯದ ಹಾಲು, ನಂತರ ವಾರದಲ್ಲಿ ಮೂರು ದಿನ ರಾಗಿ ಮಾಲ್ಟ್, ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವು ಸೇರಿ 2024ರಿಂದ ವಾರಕ್ಕೆ ಆರು ದಿನ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು. ಜಂತುಹುಳದ ಮಾತ್ರೆ, ಕಬ್ಬಿಣಾಂಶದ ಮಾತ್ರೆ. 2013ರಲ್ಲೇ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೊಮ್ಮೆ ಶಾಲೆಗೆ ಬಂದು ಕಣ್ಣು, ಕಿವಿ, ಹಲ್ಲು, ಹೃದಯದ ತೊಂದರೆಗಳನ್ನು ತಪಾಸಣೆ ಮಾಡುತ್ತದೆ. ಹಿಂದಿನ ಸಾಲಿನಲ್ಲಿ ಕೂತು ಬೋರ್ಡು ಕಾಣದೆ ‘ದಡ್ಡ’ ಎನಿಸಿಕೊಂಡ ಎಷ್ಟೋ ಮಕ್ಕಳ ದೃಷ್ಟಿದೋಷ ಈ ತಪಾಸಣೆಯಲ್ಲೇ ಬಯಲಾಗುತ್ತದೆ. ಆದರೆ ಇಲ್ಲಿಯೂ ಅದೇ ಕಥೆ. ಎಷ್ಟು ಮಕ್ಕಳ ತಪಾಸಣೆಯಾಯಿತು, ಎಷ್ಟು ಮಾತ್ರೆ ಖರ್ಚಾಯಿತು, ಎಷ್ಟು ಮೊಟ್ಟೆ ಬೆಂದವು ಎಂಬ ಲೆಕ್ಕ ಮೇಲಕ್ಕೆ ತಪ್ಪದೆ ಹೋಗುತ್ತದೆ. ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂಬ ಚೀಟಿ ಮಗುವಿನ ಜೇಬಿನಲ್ಲಿ ಮನೆಗೆ ಹೋಗಿ, ಅಂಗಿಯ ಜೊತೆ ಒಗೆಯಲ್ಪಟ್ಟು ಹೋಗುತ್ತದೆ. ಆ ಚೀಟಿಯ ಮಾತನ್ನು ಎದುರು ಕೂರಿಸಿಕೊಂಡು ಹೇಳಿದ್ದರೆ, ಕನ್ನಡಕ ಉಚಿತವಾಗಿ ಸಿಗುತ್ತದೆ, ಒಂದು ದಿನದ ಕೂಲಿ ಹೋದರೂ ಪರವಾಗಿಲ್ಲ ಎಂದು ತಿಳಿಸಿದ್ದರೆ, ಆ ತಾಯಿ ಹೋಗುತ್ತಿದ್ದರು. ಮಾತ್ರೆ ಕೊಡುವ ಮುನ್ನ ಮನೆಗೆ ಹೇಳದಿದ್ದರೆ ಏನಾಗುತ್ತದೆಂಬುದು ಶಿಕ್ಷಕರಿಗೆ ಚೆನ್ನಾಗಿ ಗೊತ್ತು: ಒಂದು ಮಗು ಹೊಟ್ಟೆ ತೊಳಸಿ ವಾಂತಿ ಮಾಡಿಕೊಂಡರೆ ಸಾಕು, ಸಂಜೆಯೊಳಗೆ ಊರೇ ಗೇಟಿನ ಮುಂದೆ ನಿಂತಿರುತ್ತದೆ.

ಮನಸ್ಸಿನ ವಿಷಯಕ್ಕೆ ಬಂದರೆ ‘ಭಾಗ ಬಿ’ಯ ಶ್ರೇಣಿ ಬಿಟ್ಟರೆ ದಾಖಲೆಯೂ ಇಲ್ಲ, ಮಾತೂ ಇಲ್ಲ. ಪೋಷಕರ ಸಭೆಗಳಲ್ಲಿ ಮಗುವಿನ ಸ್ವಭಾವದ ಬಗ್ಗೆ ಕೇಳಿಬರುವ ಪದಗಳು ಎರಡೋ ಮೂರೋ. ಒಂದು ‘ತುಂಟ’, ಇನ್ನೊಂದು ‘ಸೈಲೆಂಟು’. ತುಂಟನ ಬಗ್ಗೆ ದೂರು ಹೋಗುತ್ತದೆ, ಸೈಲೆಂಟಾದವಳ ಬಗ್ಗೆ “ತುಂಬಾ ಒಳ್ಳೆ ಹುಡುಗಿ, ಏನೂ ತೊಂದರೆ ಇಲ್ಲ” ಎಂಬ ಮೆಚ್ಚುಗೆ ಹೋಗುತ್ತದೆ. ಆದರೆ ಮೊದಲು ಮಾತಾಡುತ್ತಿದ್ದವಳು ದಸರಾ ರಜೆಯ ನಂತರ ಮಾತು ಬಿಟ್ಟಿದ್ದಾಳೆಯೇ, ಊಟಕ್ಕೆ ಒಬ್ಬಳೇ ಕೂರುತ್ತಾಳೆಯೇ, ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದಾರೆಯೇ, ತಂದೆಯ ಕುಡಿತ ಹೆಚ್ಚಾಗಿದೆಯೇ ಎಂಬುದನ್ನು ಕೇಳುವವರಿಲ್ಲ. ಸೋಮವಾರ ಬೆಳಿಗ್ಗೆ ಮಾತ್ರ ಬರುವ ಹೊಟ್ಟೆನೋವು ಮನೆಯವರಿಗೆ ನೆಪದಂತೆ ಕಾಣುತ್ತದೆ, ಆ ದಿನ ಮೊದಲ ಅವಧಿ ಯಾರದು ಎಂಬುದು ಅವರಿಗೆ ಗೊತ್ತಿರುವುದಿಲ್ಲ. ಮಕ್ಕಳಿಗೆ ದೈಹಿಕ ಶಿಕ್ಷೆ ಮತ್ತು ಮಾನಸಿಕ ಹಿಂಸೆ ಕೊಡುವುದನ್ನು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಆದರೂ “ಎರಡು ಬಾರಿಸಿ ಸಾರ್, ನಾವೇನೂ ಅನ್ನಲ್ಲ” ಎಂದು ಹೇಳಿ ಹೋಗುವ ಪೋಷಕರು ಇಂದಿಗೂ ಇದ್ದಾರೆ, ಅದನ್ನು ವಿಶ್ವಾಸದ ಗುರುತೆಂದು ಸ್ವೀಕರಿಸುವ ಶಿಕ್ಷಕರೂ ಇದ್ದಾರೆ. ಶಾಲೆ ಮನೆಗೆ ತಿಳಿಸಬೇಕಾದ ಸಂಗತಿಗಳಲ್ಲಿ ಇದೂ ಒಂದು: ಇಲ್ಲಿ ಹೊಡೆಯುವುದಿಲ್ಲ, ನೀವೂ ಹೊಡೆಯಬೇಡಿ. ಮಕ್ಕಳ ಸಹಾಯವಾಣಿ 1098ರ ಸಂಖ್ಯೆ ಶಾಲೆಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿರುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರವಾಗಿರುವ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 2022ರ ಅಕ್ಟೋಬರಿನಿಂದ 14416ರಲ್ಲಿ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲೂ ಸಿಗುತ್ತದೆ ಎಂಬುದನ್ನು ಪೋಷಕರ ಸಭೆಯಲ್ಲಿ ಹೇಳಲು ಎರಡು ನಿಮಿಷ ಸಾಕು.

ಇಷ್ಟನ್ನೆಲ್ಲ ಬರೆಯುವಾಗ ಶಿಕ್ಷಕರ ಮೇಲೆ ಇನ್ನೊಂದು ಹೊರೆ ಹೇರುತ್ತಿದ್ದೇನೆ ಎಂಬ ಅರಿವು ನನಗಿದೆ. ಒಂದರಿಂದ ಐದನೇ ತರಗತಿಯವರೆಗೆ ಒಬ್ಬರೋ ಇಬ್ಬರೋ ಶಿಕ್ಷಕರಿರುವ ಕಿರಿಯ ಪ್ರಾಥಮಿಕ ಶಾಲೆಗಳು ರಾಜ್ಯದ ಎಲ್ಲ ಕಡೆ ಇವೆ, ಬಹಳಷ್ಟು ಕಡೆ ಅತಿಥಿ ಶಿಕ್ಷಕರಿಂದಲೇ ಪಾಠ ಸಾಗುತ್ತದೆ. 2025ರ ಸೆಪ್ಟೆಂಬರ್ 22ರಂದು ಆರಂಭವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರೇ ಮನೆಮನೆಗೆ ಹೋದರು, ಸಮೀಕ್ಷೆ ಮುಗಿಯದೆ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. ಅರವತ್ತು ಪ್ರಶ್ನೆಗಳ ನಮೂನೆ ಹಿಡಿದು ಬಾಗಿಲು ತಟ್ಟಿದ ಶಿಕ್ಷಕಿಗೆ, ಒಳಗೆ ಆಡುತ್ತಿರುವ ಅದೇ ಮನೆಯ ಮಗುವಿನ ಓದಿನ ಬಗ್ಗೆ ಒಂದು ಮಾತು ಹೇಳಲು ಪುರುಸೊತ್ತಿರಲಿಲ್ಲ. ಇದು ಆ ಶಿಕ್ಷಕಿಯ ತಪ್ಪಲ್ಲ. ಅವರ ಸಮಯವನ್ನು ನಾವು ಯಾವುದಕ್ಕೆ ಬಳಸುತ್ತೇವೆ ಎಂಬುದು ಸರ್ಕಾರದ ಆಯ್ಕೆ. ಒಂದೇ ಅಂಕವನ್ನು ವಹಿಯಲ್ಲಿ, ಕ್ರೋಡೀಕರಣ ಪಟ್ಟಿಯಲ್ಲಿ, ತಂತ್ರಾಂಶದಲ್ಲಿ, ಪ್ರಗತಿ ಪತ್ರದಲ್ಲಿ ನಾಲ್ಕು ಸಲ ಬರೆಯಿಸುವುದನ್ನು ಒಂದಕ್ಕಿಳಿಸಿದರೆ ಉಳಿಯುವ ಗಂಟೆಗಳು ಪೋಷಕರಿಗೆ ಸಲ್ಲಬಹುದು.

ದೊಡ್ಡ ಸಮಾವೇಶಗಳಿಂದ ಈ ಕೊರತೆ ತುಂಬುತ್ತದೆಯೇ ಎಂಬುದರ ಬಗ್ಗೆ ನನಗೆ ಸಂಶಯವಿದೆ. ದೆಹಲಿ ಸರ್ಕಾರ 2016ರಲ್ಲಿ ಎಲ್ಲ ಸರ್ಕಾರಿ ಶಾಲೆಗಳಲ್ಲಿ ಒಂದೇ ದಿನ ಪೋಷಕರ ಮಹಾಸಭೆ ನಡೆಸಿತು, ನೆರೆಯ ಆಂಧ್ರಪ್ರದೇಶ 2024ರ ಡಿಸೆಂಬರ್ 7ರಂದು ಅದನ್ನೇ ಇನ್ನೂ ದೊಡ್ಡದಾಗಿ ಮಾಡಿತು. ಎಂದೂ ಶಾಲೆಯ ಗೇಟು ದಾಟದ ತಂದೆಯರನ್ನು ಒಳಗೆ ಕರೆತಂದದ್ದು ಅವುಗಳ ಸಾಧನೆ. ಆದರೆ ಶಾಮಿಯಾನ, ರಂಗೋಲಿ, ಶಾಸಕರ ಭಾಷಣಗಳ ನಡುವೆ ಒಂದು ಮಗುವಿನ ಬಗ್ಗೆ ಹತ್ತು ನಿಮಿಷ ಮಾತಾಡುವುದು ಆಗದ ಮಾತು. ಇತ್ತ ಕೇಂದ್ರದ ಮೌಲ್ಯಮಾಪನ ಸಂಸ್ಥೆಯಾದ ಪರಖ್ ರೂಪಿಸಿದ ಸಮಗ್ರ ಪ್ರಗತಿ ಪತ್ರದಲ್ಲಿ ಮಗು ತನ್ನನ್ನು ತಾನೇ ಅಳೆದುಕೊಳ್ಳಲು, ಗೆಳೆಯರು ಮತ್ತು ಪೋಷಕರು ಅಭಿಪ್ರಾಯ ತುಂಬಲು ಪುಟಗಳಿವೆ. ಕರ್ನಾಟಕ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಒಪ್ಪದೆ, ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯ ಆಯೋಗದಿಂದ 2025ರ ಆಗಸ್ಟ್‌ನಲ್ಲಿ ತನ್ನದೇ ನೀತಿಯ ವರದಿಯನ್ನು ಪಡೆದಿದೆ. ನೀತಿ ಯಾರದೇ ಇರಲಿ, ಪುಟಗಳು ಹೆಚ್ಚಾದಷ್ಟೂ ಮಾತು ಕಡಿಮೆಯಾಗುತ್ತದೆಂಬುದನ್ನು ‘ಭಾಗ ಬಿ’ ಈಗಾಗಲೇ ನಮಗೆ ಕಲಿಸಿದೆ. ಇಡೀ ತರಗತಿಗೆ ಒಂದೇ ಸಲಕ್ಕೆ ‘ಎ’ ಎಂದು ತುಂಬಿ ಮುಗಿಸುವುದು ಶಿಕ್ಷಕರಿಗೆ ಅನಿವಾರ್ಯವಾದ ಅಭ್ಯಾಸ.

ಸಣ್ಣ ಅಳತೆಯಲ್ಲಿ ಮಾಡಿದ ಕೆಲಸಗಳು ಹೆಚ್ಚು ದೂರ ಹೋಗಿವೆ. ಅಕ್ಷರ ಫೌಂಡೇಶನ್ ಸಂಸ್ಥೆಯು ಗಣಿತ ಕಲಿಕಾ ಆಂದೋಲನದ ಭಾಗವಾಗಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ನಡೆಸುವ ಗಣಿತ ಸ್ಪರ್ಧೆಗಳಲ್ಲಿ ಪಂಚಾಯಿತಿ ಸದಸ್ಯರೂ ಪೋಷಕರೂ ಕೂತು ನೋಡುತ್ತಾರೆ. ಭಾಗಾಕಾರ ಎಷ್ಟು ಮಕ್ಕಳಿಗೆ ಬರಲಿಲ್ಲ ಎಂಬುದು ಅಂದೇ ಊರಿಗೆ ಗೊತ್ತಾಗುತ್ತದೆ. ಸ್ಪರ್ಧೆಗೂ ಒಂದು ಮಿತಿಯಿದೆ. ಊರೊಟ್ಟಿನ ಫಲಿತಾಂಶ ಊರ ಮುಂದೆ ಬರಬಹುದು, ಒಂದೊಂದು ಮಗುವಿನ ಫಲಿತಾಂಶ ಆ ಮಗುವಿನ ಮನೆಗೆ ಮಾತ್ರ ಹೋಗಬೇಕು. ಶಾಲಾ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎಲ್ಲರ ಅಂಕಪಟ್ಟಿಯ ಫೋಟೊ ಹಾಕುವುದು, “ಇವರು ಇನ್ನೂ ಮಗ್ಗಿ ಕಲಿತಿಲ್ಲ” ಎಂದು ಹೆಸರು ಬರೆಯುವುದು ಮಾಹಿತಿ ಕೊಡುವ ಕ್ರಮವಲ್ಲ, ಅದು ಎಂಟು ವರ್ಷದ ಮಗುವನ್ನು ಊರೆದುರು ನಿಲ್ಲಿಸುವ ಕ್ರಮ. ಸಭೆಯ ಸಮಯವನ್ನು ಹಗಲು ಹನ್ನೊಂದರಿಂದ ಸಂಜೆ ಐದೂವರೆಗೋ, ಸಂತೆಯ ದಿನಕ್ಕೋ ಬದಲಿಸಿದರೆ ಕೂಲಿಯವರೂ ಬರುತ್ತಾರ‍ೆ. ದಿನಕ್ಕೆ ಇಬ್ಬರು ಮಕ್ಕಳ ಮನೆಯವರೊಂದಿಗೆ ಐದೈದು ನಿಮಿಷ ಮಾತಾಡಿದರೂ ಮೂವತ್ತು ಮಕ್ಕಳ ತರಗತಿ ಹದಿನೈದು ಶಾಲಾ ದಿನಗಳಲ್ಲಿ ಮುಗಿಯುತ್ತದೆ. ಆ ಐದು ನಿಮಿಷದಲ್ಲಿ ಮಗುವಿಗೆ ಈಗ ಏನು ಬರುತ್ತದೆ, ಮುಂದೆ ಏನು ಬರಬೇಕು, ಮಗು ಹೇಗಿದೆ ಎಂಬ ಮೂರು ಮಾತು ಶಿಕ್ಷಕರಿಂದ ಬರಬೇಕು. ನಾಲ್ಕನೆಯದು ಪ್ರಶ್ನೆ, ಅದು ಮನೆಯವರಿಗೆ: ಮನೆಯಲ್ಲಿ ಶಾಲೆಯ ಬಗ್ಗೆ ಏನು ಹೇಳುತ್ತಾನೆ?

ಈ ವರ್ಷ ಯಾವ ಹೊಸ ಆದೇಶಕ್ಕೂ ಕಾಯದೆ ಒಂದು ಕೆಲಸ ಮಾಡಬಹುದು. ಮಾರ್ಚ್ ಕೊನೆಗೆ ನಲಿಕಲಿ ಕೋಣೆಗಳಲ್ಲಿ ಕಲಿಕಾ ಚಪ್ಪರದ ದಾರ ಬಿಚ್ಚುತ್ತಾರೆ, ವರ್ಷವಿಡೀ ತೂಗಿದ ಹಾಳೆಗಳು ಬೀರುವಿನ ಮೇಲಿನ ಚೀಲಕ್ಕೋ ರದ್ದಿಗೋ ಹೋಗುತ್ತವೆ. ಅವುಗಳಲ್ಲಿ ಜೂನ್ ತಿಂಗಳದೊಂದು, ಮಾರ್ಚ್ ತಿಂಗಳದೊಂದು ಹಾಳೆಯನ್ನು ಆರಿಸಿ ಪ್ರಗತಿ ಪತ್ರದ ಜೊತೆ ಪಿನ್ನು ಹಾಕಿ, ಬಾಗಿಲಲ್ಲಿ ನಿಂತು ‘ಪಾಸಾ ಸಾರ್’ ಎಂದು ಕೇಳುವ ತಾಯಿಯ ಕೈಗೆ ಕೊಡಬೇಕು.